ಗೀರು ಎಂದು ಬರೆದ ಎರಡು ಸದ್ದು

ರೆಕಾರ್ಡ್ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಅದರ ಕವರನ್ನಲ್ಲ. ಡಿಸ್ಕನ್ನು ಅಂಚಿನಲ್ಲಿ ಹಿಡಿದು, ಬೆಳಕಿಗೆ ಓರೆ ಮಾಡಿ, ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಖಾಲಿ ಉಳಿಯುವ ನುಣುಪು ಪಟ್ಟಿಯನ್ನು ನೋಡಬೇಕು. ಅಲ್ಲಿ ಕಾರ್ಖಾನೆಯವರು ಕೆತ್ತಿದ ಸಣ್ಣ ಅಂಕಿಗಳಿರುತ್ತವೆ. ಕವರ್ ಬದಲಾಗಿರಬಹುದು, ಲೇಬಲ್ ತಪ್ಪಾಗಿ ಅಂಟಿರಬಹುದು. ಆ ಅಂಕಿ ಮಾತ್ರ ಒಳಗಿನ ಸಂಗೀತದ ಜೊತೆಗೇ ಹುಟ್ಟಿದ್ದು. ಈ ಕೆಲಸಕ್ಕೆ ಈಗ ಬರುತ್ತಿರುವವರು ಇಷ್ಟನ್ನು ಮೊದಲ ವಾರದಲ್ಲೇ ಕಲಿಯುತ್ತಾರೆ. ನಾನು ಕಲಿತದ್ದು ಒಂದು ತಪ್ಪು ಮಾಡಿದ ಮೇಲೆ.

ಹೈದರಾಬಾದಿಗೆ ಬರುವ ಮೊದಲು ಕಲಬುರಗಿಯ ಒಂದು ದಿನಪತ್ರಿಕೆಯ ಸುದ್ದಿಮೇಜಿನಲ್ಲಿದ್ದೆ. ಹೆಂಡತಿಗೆ ಸಿಕಂದರಾಬಾದಿಗೆ ವರ್ಗವಾಯಿತು, ನಾನೂ ಬಂದೆ. ಅಲ್ಲಿ ಒಂದು ಸಂಗೀತ ಟ್ರಸ್ಟ್, ಮನೆಮನೆಯಿಂದ ಹಿಂದೂಸ್ತಾನಿ ಸಂಗೀತದ ವಿನೈಲ್ ರೆಕಾರ್ಡುಗಳನ್ನು ಸಂಗ್ರಹಿಸಿ ಪಟ್ಟಿ ಮಾಡಲು ಬರೆಯಬಲ್ಲ ಒಬ್ಬರನ್ನು ಹುಡುಕುತ್ತಿತ್ತು. ಮಾದಾಪುರದಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡ ಏಳಿಸುತ್ತಿದ್ದ ವರ್ಷಗಳವು. ಮೆಟ್ರೊ ಕಂಬಗಳು ಇನ್ನೂ ಬಂದಿರಲಿಲ್ಲ. ಜನ ದೊಡ್ಡ ಮನೆ ಮಾರಿ ಫ್ಲ್ಯಾಟಿಗೆ ಹೋಗುತ್ತಿದ್ದರು, ಹೋಗುವಾಗ ಹಿಂದೆ ಉಳಿಯುತ್ತಿದ್ದವುಗಳಲ್ಲಿ ರೆಕಾರ್ಡುಗಳ ಪೆಟ್ಟಿಗೆ ಒಂದು. ಟ್ರಸ್ಟಿಗೆ ದುಡ್ಡು ಹಾಕಿದವರು ಅದೇ ಮಾದಾಪುರದ ಒಬ್ಬ ಸಾಫ್ಟ್‌ವೇರ್ ಉದ್ಯಮಿ. ಸಿಕಂದರಾಬಾದ್ ಸ್ಟೇಷನ್ನಿಗೆ ಹತ್ತು ನಿಮಿಷದ ದಾರಿಯಲ್ಲಿ, ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆ. ಪಟ್ಟಿ ಬರೆಯುವ ಹುದ್ದೆ ಒಂದೇ ಇದ್ದದ್ದರಿಂದ ಬಡ್ತಿಯ ವಿಚಾರ ಬರೆಯುವ ಕಷ್ಟ ನನಗಿಲ್ಲ.

ಮೇಲಧಿಕಾರಿ ಶಕುಂತಲಾಬಾಯಿ. ಬೀದರಿನವರು. ಕುಷಾಯಿಗೂಡದ ದೊಡ್ಡ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ಯಂತ್ರಗಳನ್ನು ಪರೀಕ್ಷಿಸಿ ಸಹಿ ಹಾಕುವ ಎಂಜಿನಿಯರಾಗಿದ್ದು ನಿವೃತ್ತರಾಗಿದ್ದವರು. ಅವರಿಗೆ ಹಾಡಲು ಬರುತ್ತಿರಲಿಲ್ಲ. ಆದರೆ ಟರ್ನ್‌ಟೇಬಲ್ ಒಂದು ಸುತ್ತಿನಲ್ಲಿ ಕೂದಲಿನಷ್ಟು ನಿಧಾನವಾದರೂ ತಂಬೂರಿಯ ದನಿ ಕೇಳಿಯೇ ಹೇಳುತ್ತಿದ್ದರು. ರೆಕಾರ್ಡನ್ನು ತೊಳೆದು ಅಡಿಗೆಮನೆಯ ತಟ್ಟೆ ಸ್ಟ್ಯಾಂಡಿನಲ್ಲಿ ಒಣಗಲು ನಿಲ್ಲಿಸುವುದನ್ನು ಕಲಿಸಿದವರು ಅವರೇ. ರೆಕಾರ್ಡ್ ತಿರುಗುತ್ತಿದ್ದಾಗ ಯಾರೂ ಮಾತಾಡುವಂತಿರಲಿಲ್ಲ. ಒಮ್ಮೆ ಆ ಉದ್ಯಮಿಯೇ ಬಂದು ಮಾತು ಶುರುಮಾಡಿದಾಗ ಬಾಯಿಯವರು ತುಟಿಗೆ ಬೆರಳಿಟ್ಟು ಕುರ್ಚಿ ತೋರಿಸಿದರು. ಬದಿ ಮುಗಿಯುವವರೆಗೆ, ಹತ್ತೊಂಬತ್ತು ನಿಮಿಷ, ಉದ್ಯಮಿ ಕೂತರು.

ನನ್ನ ಮೊದಲ ತಪ್ಪು ಮೊದಲ ತಿಂಗಳಲ್ಲೇ ಆಯಿತು. ಕವರಿನಲ್ಲಿ ಸಿತಾರ್ ಎಂದಿತ್ತು. ಸಿತಾರ್ ಎಂದು ಕಾರ್ಡ್ ಬರೆದೆ. ಒಳಗಿದ್ದದ್ದು ಶಹನಾಯಿ. ಬಾಯಿಯವರು ಬಯ್ಯಲಿಲ್ಲ.

"ಕವರ್ ಓದೂದು ನಿಮ್ಮ ಪೇಪರಿನವರ ಕೆಲಸರಿ," ಎಂದರು. "ಇಲ್ಲಿ ರಿಕಾರ್ಡ್ ಓದ್ರಿ."

ಅಂದಿನಿಂದ ಪ್ರತಿ ಕಾರ್ಡಿನ ಕೆಳಗೆ 'ಮೂಲ' ಎಂಬ ಒಂದು ಖಾನೆ ಸೇರಿಸಿದೆವು. ಈ ವಿವರ ನಿಮಗೆ ಹೇಗೆ ಗೊತ್ತು ಎಂಬುದನ್ನು ಅಲ್ಲಿ ಬರೆಯಬೇಕು: ಕವರ್, ಲೇಬಲ್, ಅಂಕಿ, ಕೇಳಿದ್ದು, ಕೊಟ್ಟವರ ಮಾತು. ಸುದ್ದಿಮೇಜಿನಲ್ಲಿ ಒಂದು ಸುದ್ದಿಗೆ ಪರಸ್ಪರ ಸಂಬಂಧವಿಲ್ಲದ ಇಬ್ಬರು ಹೇಳಬೇಕೆಂಬ ನಿಯಮವಿತ್ತು. ಅದನ್ನು ಇಲ್ಲಿಗೂ ತಂದೆ. ಬಾಯಿಯವರಿಗೆ ಅದು ಹಿಡಿಸಿತು, ಕಾರ್ಖಾನೆಯಲ್ಲಿ ಎರಡು ಮೀಟರಿನಲ್ಲಿ ಅಳೆದೇ ಸಹಿ ಹಾಕುತ್ತಿದ್ದೆವು ಎಂದರು.

ಅವರದೇ ಒಂದು ಪದ್ಧತಿ ಇತ್ತು, ಈಗ ಅದು ನಿಂತಿದೆ ಎಂದು ಕೇಳಿದ್ದೇನೆ. ಯಾರ ಮನೆಯಿಂದಲೂ ರೆಕಾರ್ಡನ್ನು ಹಾಗೇ ಎತ್ತಿಕೊಂಡು ಬರುವಂತಿರಲಿಲ್ಲ. ಸೂಟ್‌ಕೇಸಿನಂಥ ಬ್ಯಾಟರಿ ಪ್ಲೇಯರ್ ಹೊತ್ತುಕೊಂಡು ಹೋಗಿ, ಕೊಡುವವರ ಮನೆಯಲ್ಲೇ, ಅವರ ಎದುರಿಗೆ, ಒಂದು ಬದಿ ಪೂರ್ತಿ ನುಡಿಸಬೇಕು. ಆಮೇಲೂ ಕೊಡುತ್ತೇನೆಂದರೆ ತರಬೇಕು. ಒಬ್ಬ ನಿವೃತ್ತ ರೈಲ್ವೆ ಗಾರ್ಡ್ ಮೂವತ್ತು ರೆಕಾರ್ಡುಗಳನ್ನು ಹಗ್ಗ ಕಟ್ಟಿ ಬಾಗಿಲಲ್ಲಿಟ್ಟುಕೊಂಡು ನಮ್ಮನ್ನು ಕಾಯುತ್ತಿದ್ದರು. ಬದಿ ಮುಗಿಯುವಷ್ಟರಲ್ಲಿ ಹಗ್ಗ ಬಿಚ್ಚಿ, ಇವು ಇಲ್ಲೇ ಇರಲಿ ಎಂದರು. ಖಾಲಿ ಚೀಲದೊಡನೆ ಬಸ್ಸಿನಲ್ಲಿ ಕೂತಾಗ ನನಗೆ ದಿನ ಹಾಳಾಯಿತೆನಿಸಿತ್ತು. ಬಾಯಿಯವರು ಕಿಟಕಿಯಾಚೆ ನೋಡುತ್ತ, ಮೂವತ್ತು ರಿಕಾರ್ಡು ಉಳಿದವು ನೋಡ್ರಿ ಎಂದರು.

ಮಹಬೂಬ್ ಸಾಬ್ ಬಂದದ್ದು ನಮ್ಮ ಪಟ್ಟಿಯನ್ನು ಇಂಟರ್ನೆಟ್ಟಿಗೆ ಹಾಕಲು ತಯಾರಿ ನಡೆದಿದ್ದಾಗ. ಆ ಸುದ್ದಿ ಒಂದು ಉರ್ದು ಪತ್ರಿಕೆಯಲ್ಲಿ ಬಂದಿತ್ತು. ಅದರ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಕುಷಾಯಿಗೂಡದಿಂದ ಎರಡು ಬಸ್ ಬದಲಿಸಿ ಬಂದಿದ್ದರು. ಸೇಡಂ ಕಡೆಯವರು, ಎಪ್ಪತ್ತು ದಾಟಿದ ವಯಸ್ಸು. ಬಾಯಿಯವರಿದ್ದ ಕಾರ್ಖಾನೆಯಲ್ಲೇ ಕಾಯಿಲ್ ಸುತ್ತುವ ಕೆಲಸ ಮಾಡಿ ನಿವೃತ್ತರಾದವರು. ಅದಕ್ಕೂ ಮೊದಲು, ಹರೆಯದಲ್ಲಿ, ತಬಲಾ ನುಡಿಸುತ್ತಿದ್ದರು.

ಅವರು ಹೇಳಿದ್ದು ಇಷ್ಟು. ಒಬ್ಬ ದೊಡ್ಡ ಗಾಯಕಿಯ ಎಲ್‌ಪಿ ನಮ್ಮಲ್ಲಿದೆ. ಅದರ ಎರಡನೇ ಬದಿಯ ಮಾರೂ ಬಿಹಾಗ್ ರಾಗಕ್ಕೆ ತಬಲಾ ಸಾಥ್ ನೀಡಿದವರೆಂದು ಕವರಿನಲ್ಲಿ ಒಬ್ಬ ಹೆಸರಾಂತ ವಾದಕರ ಹೆಸರಿದೆ. ರೆಕಾರ್ಡಿಂಗ್ ಆದದ್ದು ಇದೇ ಊರಿನ ಒಂದು ಹಾಲ್‌ನಲ್ಲಿ. ಮೊದಲ ಬದಿ ನುಡಿಸಿದ ಆ ವಾದಕರಿಗೆ ಮರುದಿನ ಜ್ವರ ಬಂತು. ಗಾಯಕಿ ಅಂದೇ ರೈಲು ಹಿಡಿಯಬೇಕಿತ್ತು. ವಾದ್ಯ ಹೊತ್ತು ತರಲು ಬಂದಿದ್ದ ಮಹಬೂಬ್ ಸಾಬರನ್ನು ಕೂರಿಸಿದರು. ಕವರಿನ ಹೆಸರು ಬದಲಾಗಲಿಲ್ಲ.

ಕಾರ್ಖಾನೆಯಲ್ಲಿ ಅವರು ಇದನ್ನು ಗೆಳೆಯರಿಗೆ ಹೇಳಿದ್ದರು. ಯಾರೂ ನಂಬಲಿಲ್ಲ. 'ರಿಕಾರ್ಡ್ ಮಿಯಾ' ಎಂದು ಹೆಸರಿಟ್ಟರು. ಸೇವೆ ಮುಗಿಯುವವರೆಗೂ ಅದೇ ಹೆಸರು. ಬೀಳ್ಕೊಡುಗೆಯ ದಿನವೂ ಅದನ್ನೇ ಹೇಳಿ ನಕ್ಕಿದ್ದರಂತೆ.

"ಎಡಗಿವಿ ಹೋಗೇತಿರಿ," ಎಂದರು. "ಬಲಗಿವಿನೂ ಹೊಂಟೈತಿ. ಅದು ಹೋಗೂದ್ರಾಗ ಒಮ್ಮೆ ಕೇಳಿ, ನಾನೇ ಅಂತ ಯಾರರೆ ಬರದುಕೊಳ್ಳಲಿ ಅಂತ ಬಂದೀನಿ. ನೀವು ಕಂಪ್ಯೂಟರಿನ್ಯಾಗ ಅವರ ಹೆಸರು ಹಾಕಿದರ ಮುಗೀತು. ನಾ ಸುಳ್ಳ ಆಗೇ ಹೋಗ್ತೀನಿ."

ಪತ್ರಿಕೆಯಲ್ಲಿ ಇಂಥವರು ವಾರಕ್ಕೊಬ್ಬರು ಬರುತ್ತಿದ್ದರು. ಮರ್ಯಾದೆಯಿಂದ ಕೂರಿಸಿ ಆಧಾರ ಕೇಳುವುದು ಅಭ್ಯಾಸವಾಗಿತ್ತು, ಹಾಗೇ ಕೇಳಿದೆ. ಆಧಾರ ರೆಕಾರ್ಡಿನಲ್ಲೇ ಇದೆ ಎಂದರು. ಅಂದು ತೇವದ ಗಾಳಿಗೆ ಬಲಗಡೆಯ ತಬಲಾದ ಶ್ರುತಿ ಇಳಿಯಿತು. ಹಾಡು ನಿಲ್ಲಿಸುವಂತಿರಲಿಲ್ಲ. ಕೊನೆಯ ವೇಗದ ಭಾಗ, ದ್ರುತ್, ಶುರುವಾಗಿ ಸ್ವಲ್ಪ ಹೊತ್ತಿಗೆ ಎಡಗೈಯಲ್ಲೇ ತಾಳ ನಡೆಸುತ್ತ, ಬಲಗೈಯಲ್ಲಿ ಸುತ್ತಿಗೆ ಹಿಡಿದು, ತಬಲಾದ ಪಕ್ಕ ಬಾರು ಬಿಗಿಯುವ ಮರದ ಗಟ್ಟಕ್ಕೆ ಎರಡು ಏಟು ಕೊಟ್ಟೆ, ಆ ಒಂದು ಸುತ್ತು ಬಲಗಡೆಯ ತಬಲಾ ಕೇಳುವುದಿಲ್ಲ, ಎರಡು ಏಟು ಮಾತ್ರ ಕೇಳುತ್ತದೆ ಎಂದರು. ಸುತ್ತು ಎಂದರೆ ತಾಳದ ಒಂದು ಆವರ್ತನ, ಹದಿನಾರು ಮಾತ್ರೆ; ಅದರ ಮೊದಲ ಮಾತ್ರೆಯೇ ಸಮ್.

ಬಾಯಿಯವರು ಆ ವಾರ ಬೀದರಿಗೆ ಹೋಗಿದ್ದರು. ನಾನು ಕಂಪ್ಯೂಟರಿನಿಂದ ನುಡಿಸಿದೆ. ಅಷ್ಟರಲ್ಲಿ ನಮ್ಮ ಎಲ್ಲ ರೆಕಾರ್ಡುಗಳೂ ಕಂಪ್ಯೂಟರಿಗೆ ಏರಿದ್ದವು. ಆ ಕೆಲಸ ಚೈತ್ರಾಳದು. ಮೈಸೂರಿನ ಹುಡುಗಿ, ಮಾದಾಪುರದ ಕಂಪನಿಯೊಂದರಲ್ಲಿ ಎಂಜಿನಿಯರ್. ಶನಿವಾರ ಭಾನುವಾರ ಸ್ಕೂಟರಿನಲ್ಲಿ ನಮ್ಮಲ್ಲಿಗೆ ಬರುತ್ತಿದ್ದಳು. ಹಳೆಯ ರೆಕಾರ್ಡಿನ ಚಟಪಟ ಸದ್ದನ್ನು ಹುಡುಕಿ ತೆಗೆಯುವ ಪ್ರೋಗ್ರಾಮನ್ನು ಅವಳೇ ಬರೆದಿದ್ದಳು. ಮೊದಲ ಸಲ ಅದನ್ನು ಕೇಳಿದಾಗ ಕಿಟಕಿಯ ಗಾಜು ಒರೆಸಿದಂತಾಗಿತ್ತು. ಇವತ್ತಿಗೂ ಅದನ್ನು ಒಳ್ಳೆಯ ಕೆಲಸವೆಂದೇ ಹೇಳುತ್ತೇನೆ.

ಮಹಬೂಬ್ ಸಾಬ್ ಹೆಡ್‌ಫೋನನ್ನು ಬಲಗಿವಿಗೆ ಒತ್ತಿಕೊಂಡು ಕೂತರು. ತೊಡೆಯ ಮೇಲೆ ಬೆರಳು ಎಣಿಸುತ್ತಿತ್ತು. ದ್ರುತ್ ಬಂತು. ಒಂದು ಕಡೆ ಬೆರಳು ಮೇಲೆತ್ತಿ ನನ್ನನ್ನು ನೋಡಿದರು. ಬೆರಳು ಹಾಗೇ ನಿಂತಿತು. ಮತ್ತೆ ಹಾಕಲು ಹೇಳಿದರು, ಹಾಕಿದೆ. ಮೂರನೇ ಸಲಕ್ಕೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಇಲ್ಲರಿ," ಎಂದರು. "ಎಲ್ಲಿ ಹೋತು ತಿಳೀವಲ್ದು."

ಕಿವಿಯ ದೋಷವಿರಬಹುದು ಎಂದು ನಾನು ಹೇಳಿದೆ. ಸಮಾಧಾನಕ್ಕೆ ಹೇಳಿದ ಮಾತು. ಅವರಿಗೆ ಅದು ಏಟಿನಂತೆ ತಾಗಿದ್ದು ನನಗೆ ಕಾಣಿಸಿತು. ಚಹಾ ಬೇಡವೆಂದು ಇಳಿದು ಹೋದರು. ನಾನು ದಿನಚರಿಯಲ್ಲಿ 'ಹೇಳಿಕೆಗೆ ಆಧಾರ ಸಿಗಲಿಲ್ಲ' ಎಂದು ಬರೆದು ಸಹಿ ಹಾಕಿದೆ.

ಬಾಯಿಯವರು ಊರಿನಿಂದ ಬಂದು ದಿನಚರಿ ಓದಿದರು. ಅವರಿಗೆ ಏನನ್ನು ಕೇಳಿಸಿದಿರಿ ಎಂದು ಕೇಳಿದರು. ಕಂಪ್ಯೂಟರಿನ ಪ್ರತಿ ಎಂದೆ. ಅವರು ಕಪಾಟಿನಿಂದ ಡಿಸ್ಕ್ ತೆಗೆದು ಟರ್ನ್‌ಟೇಬಲ್ ಮೇಲಿಟ್ಟರು. ನಾವಿಬ್ಬರೂ ಚೈತ್ರಾಳೂ ಕೇಳಿದೆವು. ದ್ರುತ್ ಶುರುವಾಗಿ ಸ್ವಲ್ಪ ಹೊತ್ತಿಗೆ ಬಲಗಡೆಯ ತಬಲಾ ಸುಮ್ಮನಾಯಿತು. ಟಕ್, ಟಕ್. ಮತ್ತೆ ತಬಲಾ ಬಂತು.

ಚೈತ್ರಾ ಕಂಪ್ಯೂಟರಿನ ಪ್ರತಿ ತೆರೆದು ಅದೇ ಜಾಗ ನೋಡಿದಳು.

"ನಾನೇ ತೆಗೆದಿದ್ದೀನಿ ಸರ್," ಎಂದಳು. "ಪ್ರೋಗ್ರಾಮಿಗೆ ಗೀರು ಯಾವುದು, ಏಟು ಯಾವುದು ಗೊತ್ತಾಗಲ್ಲ. ಚೂಪಾಗಿದ್ರೆ ತೆಗೆದುಬಿಡತ್ತೆ."

ಅವಳ ತಪ್ಪಿಗಿಂತ ನನ್ನದು ಹಳೆಯದು ಮತ್ತು ದೊಡ್ಡದು. ಈ ರೆಕಾರ್ಡಿನ ಕಾರ್ಡ್ ತೆಗೆದು ನೋಡಿದೆ. ಮೂರು ವರ್ಷದ ಹಿಂದೆ ನನ್ನ ಕೈಯಲ್ಲೇ ಬರೆದ ಸಾಲು: 'ಎರಡನೇ ಬದಿಯಲ್ಲಿ ಗೀರು, ಎರಡು ಸಲ ಟಕ್ ಸದ್ದು.' ಮೂಲದ ಖಾನೆಯಲ್ಲಿ 'ಕೇಳಿದ್ದು' ಎಂದಿತ್ತು. ಕೇಳಿದ್ದು ನಿಜ. ಗೀರು ಎಂಬುದು ನಾನು ಸೇರಿಸಿದ್ದು.

ಆದರೂ ಅಂದೇ ಹೆಸರು ಬದಲಿಸಲಿಲ್ಲ. ಇದನ್ನು ಹೊಸಬರು ಗಮನಿಸಬೇಕು. ಉದ್ದ ಗೀರಾಗಿದ್ದರೆ ಡಿಸ್ಕ್ ತಿರುಗಿದಂತೆಲ್ಲ ಪ್ರತಿ ಸುತ್ತಿಗೂ ಸದ್ದು ಬರಬೇಕಿತ್ತು, ಇಲ್ಲಿ ಬಂದದ್ದು ಎರಡೇ. ಆದರೆ ಸೂಜಿ ಕೈಜಾರಿ ಬಿದ್ದಾಗ ಆದ ಗುಳಿಯೂ ಒಂದೆರಡು ಸಲ ಹೀಗೇ ಸದ್ದು ಮಾಡುತ್ತದೆ. ಬಾಯಿಯವರು ಭೂತಗನ್ನಡಿ ಹಿಡಿದು ನೋಡಿದಾಗ ಅದೇ ಜಾಗದ ಹತ್ತಿರ ಅಂಥ ಗುಳಿಗಳಿದ್ದವು. ಇತ್ಯರ್ಥವಾಗಲು ಒಂದೇ ದಾರಿ. ಅದೇ ರೆಕಾರ್ಡಿನ ಇನ್ನೊಂದು ಪ್ರತಿ ಸಿಗಬೇಕು. ಗಾಯ ಒಂದೊಂದು ಡಿಸ್ಕಿಗೂ ಬೇರೆ ಬೇರೆ. ಎರಡು ಪ್ರತಿಯಲ್ಲೂ ಒಂದೇ ಕಡೆ ಕೇಳುವ ಸದ್ದು ಹಾಡಿದ ಕೋಣೆಯಲ್ಲೇ ಆದದ್ದು; ಅದು ಏನೆಂದು ಕವರಿನಲ್ಲಿ ಬರೆದಿಲ್ಲ, ಅಲ್ಲಿದ್ದವರೇ ಬಲ್ಲರು.

ಉದ್ಯಮಿಯ ಕಚೇರಿಯಿಂದ ಪಟ್ಟಿ ಯಾವಾಗ ಎಂದು ಫೋನ್ ಬರುತ್ತಿತ್ತು. ಬಾಯಿಯವರು ಆ ಒಂದು ಹೆಸರನ್ನು ಖಾಲಿ ಬಿಟ್ಟು ಉಳಿದದ್ದನ್ನು ಕಳಿಸಲು ಹೇಳಿದರು. ಖಾನೆ ಖಾಲಿ ಇದ್ದರೆ ಕಂಪ್ಯೂಟರ್ ಪುಟವನ್ನೇ ಸ್ವೀಕರಿಸುತ್ತಿರಲಿಲ್ಲ. ಚೈತ್ರಾ ಎರಡು ಭಾನುವಾರ ಕೂತು, ಖಾಲಿ ಬಿಡಲು ಅದಕ್ಕೆ ಕಲಿಸಿದಳು. ತೆಗೆದ ಸದ್ದುಗಳೆಲ್ಲ ಬೇರೊಂದು ಕಡೆ ಉಳಿಯುವಂತೆಯೂ ಮಾಡಿದಳು. ಅದು ಅವಳದೇ ಯೋಚನೆ. ಈಗ ಅದನ್ನೇ ನಿಯಮವಾಗಿ ಪಾಲಿಸುತ್ತಾರೆ.

ಪ್ರತಿ ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಕವರ್ ಒಂದು ಸಿಕ್ಕಿತು, ಒಳಗೆ ಮಕ್ಕಳ ಕಥೆಯ ರೆಕಾರ್ಡ್ ಇತ್ತು. ಒಬ್ಬ ಡಾಕ್ಟರ ಮನೆಯಲ್ಲಿ ಇದ್ದದ್ದು ಖಚಿತವಾಯಿತು, ಹೋಗಿ ನೋಡಿದರೆ ಅದಕ್ಕೆ ಮುಳ್ಳು ಕೂರಿಸಿ ಗೋಡೆ ಗಡಿಯಾರ ಮಾಡಿದ್ದರು. ಈ ನಡುವೆ ಮಹಬೂಬ್ ಸಾಬರಿಗೆ ನಾನು ಎರಡು ಪತ್ರ ಬರೆದೆ. ಮೊದಲನೆಯದರಲ್ಲಿ ತಪ್ಪು ನಮ್ಮದೆಂದೂ ಸದ್ದು ಡಿಸ್ಕಿನಲ್ಲಿದೆ ಎಂದೂ, ಎರಡನೆಯದರಲ್ಲಿ ಇನ್ನೂ ಹುಡುಕುತ್ತಿದ್ದೇವೆ ಎಂದೂ ಇತ್ತು. ಉತ್ತರ ಬರಲಿಲ್ಲ.

ಕೊನೆಗೆ ಸುಳಿವು ಸಿಕ್ಕಿದ್ದು ಚೈತ್ರಾಳ ಕಚೇರಿಯ ಪಕ್ಕದಲ್ಲೇ. ಅಲ್ಲಿ ಒಂದು ಹಳೆಯ ಬಂಗಲೆ ಕೆಡವುತ್ತಿದ್ದರು. ಅಲ್ಲಿ ಗಾರೆಕೆಲಸಕ್ಕಿದ್ದ ಯಾದಗಿರಿ ಕಡೆಯ ಗೌಂಡಿ ಸಾಬಣ್ಣ ಎಂಬವರ ತಗಡಿನ ಶೆಡ್ಡಿನಲ್ಲಿ ರೆಕಾರ್ಡುಗಳ ಒಂದು ಕಟ್ಟಿತ್ತು. ಬಂಗಲೆಯವರು ಎಸೆಯಿರಿ ಎಂದದ್ದನ್ನು ಸಾಬಣ್ಣನವರ ಹೆಂಡತಿ ಕವರಿನ ಚಿತ್ರ ನೋಡಿ ಎತ್ತಿಟ್ಟಿದ್ದರು. ಚೈತ್ರಾ ಚಹಾಕ್ಕೆ ಹೋದಾಗ ಕಂಡು ನಮಗೆ ಫೋನ್ ಮಾಡಿದಳು.

ಪದ್ಧತಿ ಪದ್ಧತಿಯೇ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸಿಮೆಂಟ್ ಚೀಲಗಳ ಮೇಲೆ ಪ್ಲೇಯರ್ ಇಟ್ಟೆವು. ಅದೇ ಎಲ್‌ಪಿ, ಅಂಕಿಯೂ ಅದೇ. ಬಾಯಿಯವರು ಎರಡನೇ ಬದಿ ಮೇಲೆ ಮಾಡಿದರು. ಏಳೆಂಟು ಜನ ರೊಟ್ಟಿ ಬಿಚ್ಚಿಕೊಂಡು ಸುತ್ತ ಕೂತರು. ಯಾಕೆ ಕೇಳುತ್ತಿದ್ದೇವೆಂದು ಯಾರಿಗೂ ಹೇಳಿರಲಿಲ್ಲ. ಮೊದಲ ನಿಧಾನದ ಭಾಗ, ವಿಲಂಬಿತ್, ನಡೆಯುವಾಗ ಒಬ್ಬ, ಈ ಅಕ್ಕ ಯಾವಾಗ ಹಾಡು ಶುರು ಮಾಡ್ತಾಳ ಎಂದು ಮೆಲ್ಲಗೆ ಕೇಳಿದ. ಬಾಯಿಯವರು ಬೆರಳೆತ್ತಿದರು, ಅವನು ರೊಟ್ಟಿ ಬಾಯಿಗಿಟ್ಟುಕೊಂಡ. ದ್ರುತ್ ಬಂತು. ಬಲಗಡೆಯ ತಬಲಾ ನಿಂತಿತು. ಟಕ್, ಟಕ್.

ಬದಿ ಮುಗಿದ ಮೇಲೆ ನಾನು ಸಾಬಣ್ಣನವರನ್ನು, ನಡುವೆ ರೆಕಾರ್ಡಿಗೆ ಪೆಟ್ಟಾದಂತೆ ಏನಾದರೂ ಕೇಳಿಸಿತೇ ಎಂದು ಕೇಳಿದೆ. ಉತ್ತರವನ್ನು ನಾನೇ ಬಾಯಿಗೆ ತುರುಕುವಂಥ ಪ್ರಶ್ನೆ. ಸುದ್ದಿಮೇಜಿನಲ್ಲಿದ್ದಿದ್ದರೆ ಆ ಪ್ರಶ್ನೆಯನ್ನೇ ಹೊಡೆದು ಹಾಕುತ್ತಿದ್ದೆ.

"ಪೆಟ್ಟಲ್ರಿ ಅದು," ಎಂದರು ಸಾಬಣ್ಣ. "ಸುತ್ತಿಗಿ. ಕಲ್ಲಿನ ಮ್ಯಾಲಲ್ಲ, ಕಟ್ಟಿಗಿ ಮ್ಯಾಲ ಬಡದಾರ. ಸಣ್ಣ ಸುತ್ತಿಗಿ."

ಬಾಯಿಯವರು ನನ್ನ ಕಡೆ ನೋಡಿ, ಬರಕೊಳ್ರಿ ಎಂದರು. ಬರೆದುಕೊಂಡೆ. ಸಾಬಣ್ಣನವರ ಹೆಂಡತಿ ರೆಕಾರ್ಡುಗಳನ್ನು ಕೊಡಲು ಒಪ್ಪಿದರು, ಕವರ್ ಒಂದನ್ನು ಬಿಟ್ಟು. ಗಾಯಕಿಯ ಚಿತ್ರವಿದ್ದ ಆ ಕವರ್ ಶೆಡ್ಡಿನಲ್ಲೇ ಉಳಿಯಿತು. ಡಿಸ್ಕನ್ನು ಬಿಳಿ ಹಾಳೆಯಲ್ಲಿ ಸುತ್ತಿ ತಂದೆವು.

ಮುಂದಿನ ಭಾನುವಾರ ಬೆಳಿಗ್ಗೆ ನಾವು ಮೂವರೂ ಕುಷಾಯಿಗೂಡಕ್ಕೆ ಹೋದೆವು. ಮಹಬೂಬ್ ಸಾಬರ ಮನೆಗೆ ಹೋಗುವ ಯೋಚನೆಯಿತ್ತು. ಬಾಯಿಯವರು ಬೇಡವೆಂದರು. ಕಾರ್ಖಾನೆಯ ನಿವೃತ್ತರು ಭಾನುವಾರ ಸೇರುವ ಚಹಾದಂಗಡಿಗೇ ಕರೆದೊಯ್ದರು. ಬೀಳ್ಕೊಡುಗೆಯ ದಿನ ನಕ್ಕವರು ಅಲ್ಲಿದ್ದರು. ಮಹಬೂಬ್ ಸಾಬ್ ಅವರ ನಡುವೆಯೇ ಕೂತಿದ್ದರು, ನಮ್ಮನ್ನು ಕಂಡು ಎದ್ದು ನಿಂತರು. ಪತ್ರಗಳು ತಲುಪಿದ್ದವಂತೆ. ಮತ್ತೊಮ್ಮೆ ಇಲ್ಲ ಅನ್ನಿಸಿಕೊಳ್ಳಲು ಮನಸ್ಸು ಬರಲಿಲ್ಲ ಎಂದರು.

ರಾಜಯ್ಯ ಎಂಬ ಗೆಳೆಯರು ತೆಲುಗಿನಲ್ಲಿ, ರಿಕಾರ್ಡ್ ಮಿಯಾನನ್ನು ಅರೆಸ್ಟ್ ಮಾಡಲು ಬಂದಿರಾ ಎಂದರು. ಎಲ್ಲರೂ ನಕ್ಕರು. ಬಾಯಿಯವರು ಕಾರ್ಖಾನೆಯ ದನಿಯಲ್ಲಿ ಸುಮ್ಮನಿರಲು ಹೇಳಿ ಸೂಜಿ ಇಳಿಸಿದರು. ಮೊದಲು ನಮ್ಮ ಪ್ರತಿ. ಮಹಬೂಬ್ ಸಾಬ್ ಬಲಗಿವಿಯನ್ನು ಸ್ಪೀಕರಿಗೆ ಹತ್ತಿರ ತಂದು ಬಗ್ಗಿ ಕೂತರು. ದ್ರುತ್ ಬಂದಾಗ ಬೆರಳೆತ್ತಿದರು. ಟಕ್, ಟಕ್. ಬೆರಳು ಇಳಿಯಿತು. ಆಮೇಲೆ ಸಾಬಣ್ಣನವರ ಪ್ರತಿ. ಅದೇ ಜಾಗ, ಅದೇ ಬೆರಳು, ಅದೇ ಎರಡು ಏಟು. ನಾನು ಎದ್ದು, ಎರಡು ಪ್ರತಿಗಳ ವಿಷಯವನ್ನೂ ಗೌಂಡಿಯ ಮಾತನ್ನೂ ವರದಿಯಂತೆ ಓದಿದೆ. ಯಾರೂ ನಗಲಿಲ್ಲ.

ರಾಜಯ್ಯನವರೇ, ಈ ಸಲ ನಮಗೆ ತಿಳಿಯಲೆಂದು ಹಿಂದಿಯಲ್ಲಿ, ಎರಡೇ ಏಟಿಗೆ ಶ್ರುತಿ ಕೂತಿತಾ ಎಂದು ಕೇಳಿದರು. ಚುಚ್ಚಲು ಕೇಳಿದ್ದಲ್ಲ.

ಮಹಬೂಬ್ ಸಾಬ್ ನನ್ನ ಕಡೆ ತಿರುಗಿ ಕನ್ನಡದಲ್ಲಿ ಉತ್ತರ ಕೊಟ್ಟರು.

"ಇಲ್ಲರಿ. ಇನ್ನೊಂದು ಏಟು ಬೇಕಿತ್ತು. ಅಷ್ಟರಾಗ ಹಾಡೋರು ತಾನ್ ಮುಗಿಸಿ ಸಮ್‌ಗೆ ಬಂದುಬಿಟ್ರು, ನಾ ಕೈ ಕೊಡಬೇಕಾತು. ಮುಂದ ಆಖರಿತನಕ ತಬಲಾ ಇಳದೇ ಐತಿ. ಇದನ್ನ ಇವತ್ತಿನತನಕ ಯಾರಿಗೂ ಹೇಳಿಲ್ಲ."

ಬಾಯಿಯವರು ಸೂಜಿಯನ್ನು ಮತ್ತೆ ಆ ಜಾಗಕ್ಕೆ ಇಟ್ಟರು. ಕಣ್ಣು ಮುಚ್ಚಿ ಕೇಳಿದರು. ತಂಬೂರಿ ಅಲ್ಲೇ ಇತ್ತು, ತಬಲಾ ಅದಕ್ಕಿಂತ ಕೂದಲೆಳೆಯಷ್ಟು ಕೆಳಗೆ. ಇಷ್ಟು ವರ್ಷ ನಮ್ಮ ಕಪಾಟಿನಲ್ಲಿದ್ದ ರೆಕಾರ್ಡ್. ಅವರಿಗೂ ಅದು ತಿಳಿದಿರಲಿಲ್ಲ.

"ಖರೇ ಐತಿ," ಎಂದರು.

ಸಾಕ್ಷಿಗಳನ್ನು ಕೇಳುವುದೇ ನನ್ನ ವೃತ್ತಿಯಾಗಿತ್ತು. ತನ್ನ ವಿರುದ್ಧ ತಾನೇ ಹೇಳಿಕೊಂಡವರು ಅದರಲ್ಲಿ ತೀರಾ ಕಡಿಮೆ. ಚಹಾದ ಮೇಜಿನ ಮೇಲೆಯೇ ಕಾರ್ಡ್ ತೆಗೆದೆ. 'ಗೀರು' ಎಂಬ ಪದದ ಮೇಲೆ ಒಂದೇ ಗೆರೆ ಎಳೆದೆ, ಓದಲು ಬರುವಂತೆ. ತಪ್ಪನ್ನು ಅಳಿಸಬಾರದು, ತಿದ್ದಬೇಕು. ಪಕ್ಕದಲ್ಲಿ 'ಸುತ್ತಿಗೆ' ಎಂದು ಬರೆದೆ. ಎರಡನೇ ಬದಿಯ ತಬಲಾದ ಮುಂದೆ ಮಹಬೂಬ್ ಸಾಬ್, ಸೇಡಂ ಎಂದು ಬರೆದು, ಮೂಲದ ಖಾನೆಯಲ್ಲಿ ಎರಡು ಪ್ರತಿಗಳನ್ನೂ ಸಾಬಣ್ಣನವರ ಹೆಸರನ್ನೂ ಸೇರಿಸಿದೆ. ಮಹಬೂಬ್ ಸಾಬ್ ಅದನ್ನು ಗಟ್ಟಿಯಾಗಿ ಎರಡು ಸಲ ಓದಿಸಿಕೊಂಡರು. ಆಮೇಲೆ, ಶ್ರುತಿ ಇಳಿದದ್ದನ್ನೂ ಹಾಕ್ರಿ ಎಂದರು.

ಆ ಕಾರ್ಡ್ ಈಗಲೂ ಅಲ್ಲಿದೆ. ಕೊನೆಯ ಸಾಲು ಹೀಗಿದೆ: 'ಎರಡನೇ ಏಟಿನ ನಂತರ ಕೊನೆಯವರೆಗೆ ತಬಲಾದ ಶ್ರುತಿ ಸ್ವಲ್ಪ ಇಳಿದಿದೆ. ಮೂಲ: ನುಡಿಸಿದವರು.'